ಪಕ್ಕೆಗೆ ಒತ್ತುವ ಗಿಟಾರ್

ಅಪ್ಪನ ಕುಶನ್ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು: ಕುರ್ಚಿ ಯಾರದ್ದೋ ಅವರೇ ಬಂದು ಕೂರಬೇಕು. ಎಷ್ಟು ದೊಡ್ಡ ಮನೆಯವರೇ ಆಗಲಿ, ಆಳಿನ ಕೈಲಿ ಕುರ್ಚಿ ಕೊಟ್ಟು "ಒಳ್ಳೇ ಸ್ಪಂಜು ಹಾಕಿಸ್ಕೊಂಡು ಬಾ" ಎಂದು ಕಳಿಸಿದರೆ ಅಪ್ಪ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಬಂದವರನ್ನು ಬರೀ ಚೌಕಟ್ಟಿನ ಮೇಲೆ ಕೂರಿಸಿ, "ಫೋಟೋಕ್ಕೆ ಕೂತ ಹಾಗೆ ಕೂರಬೇಡಿ, ಮನೇಲಿ ಕೂತ ಹಾಗೆ ಕೂತ್ಕೊಳ್ಳಿ" ಎಂದು ಹೇಳಿ, ಹಿಂದಿನಿಂದ ಬಗ್ಗಿ ನೋಡಿ, ಬೆನ್ನು ತಾಗಿದಲ್ಲಿ, ತೊಡೆ ಊರಿದಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಆ ಗೆರೆಯ ಪ್ರಕಾರವೇ ಸ್ಪಂಜು ಕೊಯ್ಯುವುದು. "ಒಬ್ಬೊಬ್ಬರ ಬೆನ್ನು ಒಂದೊಂದು ಥರ ಕಣಮ್ಮಾ. ಅಂದಾಜಿನ ಮೇಲೆ ಮಾಡಿದ ಕುರ್ಚಿ ಮೇಲೆ ಬಟ್ಟೆ ಒಣಗಿಹಾಕ್ಬೋದು ಅಷ್ಟೇ" ಎಂದು, ಮಗಳು ದುಂಬಿ ಪಕ್ಕದಲ್ಲಿ ಮೊಳೆಯ ಡಬ್ಬಿ ಹಿಡಿದು ನಿಲ್ಲುತ್ತಿದ್ದ ವಯಸ್ಸಿನಿಂದಲೂ ಅವಳಿಗೆ ಹೇಳಿಕೊಂಡು ಬಂದಿದ್ದ.

ಅಂಥ ಅಪ್ಪ ಒಂದು ದಿನ, ಮಗಳನ್ನು ಒಂದು ಮಾತೂ ಕೇಳದೆ, ಅವಳಿಗೊಂದು ಬೇಸ್ ಗಿಟಾರ್ ತಂದುಬಿಟ್ಟ.

ದುಂಬಿ ಎಂಬುದು ಅಜ್ಜಿ ಇಟ್ಟ ಅಡ್ಡಹೆಸರು. ಕೂಸಾಗಿದ್ದಾಗ ಅವಳು ಬೇರೆ ಮಕ್ಕಳಂತೆ ಕಿರುಚಿ ಅಳುತ್ತಿರಲಿಲ್ಲವಂತೆ; ಹೊಟ್ಟೆಯೊಳಗಿಂದ ಒಂದೇ ಸಮನೆ ಗುಂಯ್‌ಗುಡುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಆ ಗುಂಯ್‌ಗುಟ್ಟುವಿಕೆ ಬೇಸ್ ಗಿಟಾರಿನೊಳಗೆ ಹೋಗಿ ಸೇರಿಕೊಂಡಿತು. ಮದುವೆ ಮನೆಗಳಲ್ಲಿ, ಸಭಾಭವನಗಳಲ್ಲಿ ಹಾಡುವ ಒಂದು ಚಿಕ್ಕ ಬ್ಯಾಂಡಿನಲ್ಲಿ ಅವಳು ಬೇಸ್ ನುಡಿಸುತ್ತಿದ್ದಳು. ಹಾಡುಗಾರನನ್ನು ಜನ ನೋಡುತ್ತಾರೆ, ಡ್ರಮ್ಮಿಗೆ ತಲೆ ಕುಣಿಸುತ್ತಾರೆ. ಬೇಸ್ ಮಾತ್ರ ನೆಲದ ಹಾಗೆ, ಅದರ ಮೇಲೆ ನಿಂತೇ ಕುಣಿದರೂ ಯಾರಿಗೂ ಅದರ ನೆನಪಿರುವುದಿಲ್ಲ. ದುಂಬಿಗೆ ಅದೇ ಇಷ್ಟ. ಕಿವಿ ಮಂದವಾಗಿದ್ದ ಅಜ್ಜಿಗೂ ಅದೇ ಇಷ್ಟ, ಯಾಕೆಂದರೆ ಮನೆಯಲ್ಲಿ ಯಾರು ಏನು ಕೂಗಿದರೂ ಅರ್ಧ ಕೇಳುತ್ತಿದ್ದ ಅವಳಿಗೆ ಬೇಸ್ ಮಾತ್ರ ಮಂಚದ ಕಾಲು ಹತ್ತಿ ಬಂದು ಬೆನ್ನಿಗೇ ಕೇಳುತ್ತಿತ್ತು.

ಅಷ್ಟು ದಿನ ದುಂಬಿ ನುಡಿಸುತ್ತಿದ್ದದ್ದು ಮೇಷ್ಟ್ರ ಗಿಟಾರ್. ಮೇಷ್ಟ್ರು ಅವಳಿಗೆ ಕಲಿಸಿದವರು. ಬೆರಳಿನ ಗೆಣ್ಣು ನೋಯಲು ಶುರುವಾದ ಮೇಲೆ ಬ್ಯಾಂಡಿನ ತಮ್ಮ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟು, ಗಿಟಾರನ್ನು ನುಡಿಸಲು ಎರವಲು ಕೊಟ್ಟಿದ್ದರು. ಈಗ ಅವರು ಬೇರೆ ಊರಿನ ಮಗಳ ಮನೆಗೆ ಹೋಗಿ ನೆಲೆಸುವವರಿದ್ದರು. ಗಿಟಾರ್ ಅವರ ಜೊತೆಗೇ ಹೋಗಬೇಕು. ಈ ವಿಷಯವನ್ನು ದುಂಬಿ ಊಟಕ್ಕೆ ಕೂತಾಗ ಹೇಳಿದ್ದೇ ತಡ, ಅಪ್ಪ ಮರುದಿನವೇ ಅಂಗಡಿಗೆ ಬೀಗ ಹಾಕಿ ಎತ್ತಲೋ ಹೋಗಿದ್ದ.

"ಕಣ್ಣು ಮುಚ್ಕೋ," ಎಂದ ಬಂದವನು.

ಪೆಟ್ಟಿಗೆ ತೆರೆದರೆ ಒಳಗೆ ಬೆಂಕಿಯ ಹಾಗೆ ಹೊಳೆಯುವ ಕೆಂಪು ಗಿಟಾರ್. ಮೇಷ್ಟ್ರದ್ದಕ್ಕೆ ನಾಲ್ಕು ತಂತಿ, ಇದಕ್ಕೆ ಐದು.

"ಅಂಗಡಿಯಲ್ಲಿ ಇದ್ದಿದ್ರಲ್ಲೆಲ್ಲ ಚಂದದ್ದು ಇದೇ," ಎಂದ ಅಪ್ಪ, ಮುಖ ಊರಗಲ ಮಾಡಿಕೊಂಡು. "ಒಂದು ತಂತಿ ಜಾಸ್ತಿನೇ ಇದೆ ನೋಡು!"

"ಚೆನ್ನಾಗಿದೆ ಅಪ್ಪಾ," ಎಂದಳು ದುಂಬಿ. ಚೆನ್ನಾಗಿಯೂ ಇತ್ತು. ಎತ್ತಿಕೊಂಡಾಗ ಮಾತ್ರ ಯಾರದ್ದೋ ಮನೆಯ ಮಗುವನ್ನು ಸೊಂಟಕ್ಕೆ ಏರಿಸಿಕೊಂಡಂತೆ ಆಯಿತು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಯಾವ ದುಡ್ಡು?" ಎಂದಳು.

"ಇತ್ತಲ್ಲ."

"ಯಾವುದು ಇತ್ತು?"

"ಅದೇ... ಇತ್ತಲ್ಲ, ಮೆಷಿನ್ನಿಗೆ ಅಂತ."

ಬಟ್ಟೆ ಒಗೆಯುವ ಮೆಷಿನ್ನು ಕೆಟ್ಟು ಮೂಲೆ ಸೇರಿ ಬಹಳ ಕಾಲವಾಗಿತ್ತು. ಅಮ್ಮ ಬೆಳಿಗ್ಗೆ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಮುಗಿಸಿ ಬಂದು, ಮಧ್ಯಾಹ್ನ ಹಿತ್ತಲಿನ ಬಚ್ಚಲುಕಟ್ಟೆಯಲ್ಲಿ ಗಿಡ್ಡನೆಯ ಮರದ ಮಣೆ ಹಾಕಿಕೊಂಡು ಎಲ್ಲರ ಬಟ್ಟೆ ಉಜ್ಜುತ್ತಿದ್ದಳು. ಆ ಮನೆಯಲ್ಲಿ ಪ್ರತಿಯೊಂದಕ್ಕೂ ಮೆತ್ತೆಯಿತ್ತು. ಅಜ್ಜಿಯ ಮಂಚಕ್ಕೆ, ಅಪ್ಪನ ಸ್ಟೂಲಿಗೆ, ಬಾಗಿಲು ಬಡಿದುಕೊಳ್ಳದಂತೆ ಅದರ ಅಂಚಿಗೆ ಕೂಡ. ಆ ಮಣೆಗೊಂದು ಇರಲಿಲ್ಲ.

ಅಮ್ಮ ಜಗಳವಾಡಲಿಲ್ಲ. ಅದೇ ಭಯಪಡಬೇಕಾದದ್ದು. "ಒಳ್ಳೇದಾಯ್ತು ಬಿಡಿ," ಎಂದು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಒಗೆಯುವ ಕಲ್ಲಿನ ಮೇಲೆ ಅಪ್ಪನ ಅಂಗಿ ಬೀಳುವ ಸದ್ದು ಎದೆ ಝಲ್ಲೆನ್ನುವಂತೆ ಕೇಳಿಸತೊಡಗಿತು.

"ಅಂಗಿ ಒಳಗೆ ನಾನಿಲ್ಲ ಅಂತ ಗೊತ್ತು ತಾನೇ ಅವಳಿಗೆ?" ಎಂದ ಅಪ್ಪ ಮೆಲ್ಲಗೆ.

"ಮನಸ್ಸಲ್ಲಿ ಇದೀಯ ಕಣೋ," ಎಂದಳು ಅಜ್ಜಿ. ಇಂಥವು ಮಾತ್ರ ಅವಳಿಗೆ ಚೆನ್ನಾಗಿ ಕೇಳುತ್ತಿದ್ದವು.

*

ಬ್ಯಾಂಡಿನ ಅಭ್ಯಾಸ ನಡೆಯುತ್ತಿದ್ದದ್ದು ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ. ಹಗಲು ಬಸ್ಸು ಓಡಿಸುವ, ಸಂಜೆ ಡ್ರಮ್ ಬಾರಿಸುವ ಡ್ರಮ್ಮಣ್ಣ ಅಲ್ಲಿಯ ಯಜಮಾನ. ಎರಡು ಹಾಡು ಆಗುವಷ್ಟರಲ್ಲಿ ಅವನು ಕೋಲು ಕೆಳಗಿಟ್ಟ.

"ಏನಮ್ಮಾ ದುಂಬಿ, ನಾನು ಒಂದು ಸ್ಟಾಪಿನಲ್ಲಿ ನಿಲ್ಲಿಸಿದ್ರೆ ನೀನು ಮುಂದಿನ ಸ್ಟಾಪಿನಲ್ಲಿ ಇಳೀತಿದೀಯಲ್ಲ?"

"ಹೊಸದು ಅಣ್ಣಾ. ಕೈಗೆ ಇನ್ನೂ ಒಗ್ಗಿಲ್ಲ."

"ಒಗ್ಗಿಸ್ಕೋ. ಸಭಾಭವನದ ಕಾರ್ಯಕ್ರಮ ಹತ್ತಿರ ಬಂತು."

ದುಂಬಿ ಮೇಷ್ಟ್ರ ಗಿಟಾರನ್ನು ಹಿಂತಿರುಗಿಸಿ, ಕೆಂಪನ್ನೇ ಒಗ್ಗಿಸಿಕೊಳ್ಳಲು ನೋಡಿದಳು. ಗಿಟಾರಿನ ಕತ್ತು ಅಗಲ. ಅವಳದ್ದು ಗಿಡ್ಡ ಬೆರಳು. ದನಿ ಸ್ವಚ್ಛವಾಗಿತ್ತು, ಆದರೆ ತೊಳೆದಿಟ್ಟ ಗಾಜಿನ ಲೋಟದ ಹಾಗೆ. ಅದರೊಳಗೆ ಏನೂ ಇರಲಿಲ್ಲ. ಮನೆಯಲ್ಲಿ ನುಡಿಸಿದರೆ ಅಜ್ಜಿ ಮಂಚ ತಡವಿ ನೋಡಿ, "ಇನ್ನೂ ಶುರು ಮಾಡ್ಲಿಲ್ವೇನೆ?" ಎಂದು ಕೇಳುತ್ತಿದ್ದಳು.

ಅಪ್ಪ ದಿನವೂ ಕೇಳುವವನೇ. "ಹೇಗಿದೆ? ಹೇಗಿದೆ ನಮ್ಮ ಕೆಂಪಮ್ಮ?"

ನಿಜ ಹೇಳಲು ಬಾಯಿ ಬರಲಿಲ್ಲ. ಸುಳ್ಳು ಹೇಳಲೂ ಬರಲಿಲ್ಲ. ನಿಜದ ಒಂದು ಚೂರನ್ನು ಮುರಿದು ಕೊಟ್ಟಳು: "ಸ್ವಲ್ಪ ಪಕ್ಕೆಗೆ ಒತ್ತುತ್ತೆ ಅಪ್ಪಾ."

ಮರುದಿನ ಅವಳು ಏಳುವ ಹೊತ್ತಿಗೆ ಗಿಟಾರಿನ ಬೆನ್ನಿಗೆ ಬೆರಳುದಪ್ಪದ ಸ್ಪಂಜು ಅಂಟಿಸಿ, ಅದರ ಮೇಲೆ ಕಡುಗೆಂಪು ಮಖಮಲ್ಲು ಎಳೆದು ಕೂರಿಸಲಾಗಿತ್ತು. ಮಧ್ಯದಲ್ಲಿ ಒಂದು ಗುಂಡಿ ಕೂಡ. ಅಪ್ಪ ಪಕ್ಕದಲ್ಲಿ ನಿಂತಿದ್ದ.

"ಈಗ?"

"ಈಗ... ಒತ್ತಲ್ಲ."

ದೇಹಕ್ಕೂ ಗಿಟಾರಿಗೂ ನಡುವೆ ಒಂದು ದಿಂಬು ಬಂದಿತ್ತು. ನುಡಿಸಿದರೆ ಪಕ್ಕದ ಮನೆಯಲ್ಲಿ ಯಾರೋ ನುಡಿಸಿದಂತಿತ್ತು.

ಮುಂದಿನ ವಾರ ಮತ್ತೊಂದು ಚೂರು ನಿಜ: "ಭುಜದಿಂದ ಜಾರುತ್ತೆ." ಅಪ್ಪ ಕಾರಿನ ಸೀಟಿಗೆ ಹಾಕುವ ರೆಕ್ಸಿನ್ ತಂದು, ಒಳಗೆ ಮೆತ್ತೆ ತುಂಬಿ, ಅಂಗೈ ಅಗಲದ ಭುಜಪಟ್ಟಿ ಹೊಲಿದ. ಅದು ಮಾತ್ರ ನಿಜವಾಗಿಯೂ ಚೆನ್ನಾಗಿತ್ತು. ಅದರಾಚೆಯ ವಾರ: "ಮೇಲಿನ ಅಂಚು ತೋಳಿಗೆ ಕೊರೆಯುತ್ತೆ." ಅಲ್ಲಿಗೂ ಒಂದು ಮಖಮಲ್ಲಿನ ಕೈಯಾಸರೆ ಬಂತು.

ಗ್ಯಾರೇಜಿನಲ್ಲಿ ಡ್ರಮ್ಮಣ್ಣ ಗಿಟಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಇದರ ಮೇಲೆ ಎಷ್ಟು ಜನ ಕೂರಬಹುದು?" ಎಂದ.

ಎಲ್ಲರೂ ನಕ್ಕರು. ದುಂಬಿಯೂ ನಕ್ಕಳು. ಆಮೇಲೆ ಅವನು ಅವಳನ್ನು ಬಾಗಿಲಾಚೆ ಕರೆದು, ನಗದೆ ಹೇಳಿದ: "ನೋಡು ಮರೀ, ನೀನು ನುಡಿಸೋದು ನಂಗೆ ಗೊತ್ತು. ಆದ್ರೆ ಈಗ ನುಡಿಸ್ತಿರೋದು ನೀನಲ್ಲ. ಮುಂದಿನ ವಾರವೂ ಹೀಗೇ ಆದ್ರೆ ಈ ಕಾರ್ಯಕ್ರಮಕ್ಕೆ ನಾನು ಬೇರೆಯವರನ್ನ ಕರೀಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಅಲ್ಲಿಂದ ಅವಳು ನೇರ ಮೇಷ್ಟ್ರ ಮನೆಗೆ ಹೋದಳು. ಅವರು ಪಾತ್ರೆಗಳಿಗೆ ಹಳೇ ಪೇಪರು ಸುತ್ತಿ ಡಬ್ಬಿಗಳಿಗೆ ತುಂಬುತ್ತಿದ್ದರು. ಅವಳೂ ಕೂತು ಸುತ್ತತೊಡಗಿದಳು.

"ನೀವು ಹೇಗೆ ಆರಿಸ್ಕೊಂಡ್ರಿ ಸಾರ್ ನಿಮ್ಮದನ್ನ?"

"ನಾನಾ? ಮೊದಲನೇದನ್ನ ಬಣ್ಣ ನೋಡಿ ತಗೊಂಡೆ, ಮಾರಿದೆ. ಎರಡನೇದನ್ನ ಯಾರೋ ದೊಡ್ಡ ವಾದ್ಯಗಾರರು ಹಿಡ್ಕೊಂಡಿದ್ದರು ಅಂತ ತಗೊಂಡೆ, ಅದನ್ನೂ ಮಾರಿದೆ. ಮೂರನೇ ಸಲ ಅಂಗಡೀಲಿ ಸುಮ್ನೆ ಇದನ್ನ ತೊಡೆ ಮೇಲಿಟ್ಕೊಂಡು ಬಾರಿಸ್ತಾ ಕೂತಿದ್ದೆ. ಅಂಗಡಿಯವನು ಬಂದು, ಸ್ವಾಮೀ ಬಾಗಿಲು ಹಾಕ್ಬೇಕು ಅಂದ. ನಾನು ಬಂದಿದ್ದು ಬೆಳಿಗ್ಗೆ!" ಮೇಷ್ಟ್ರು ನಕ್ಕರು. "ಭಾರ ನೋಡು, ಕತ್ತು ನೋಡು, ದನಿ ನೋಡು, ಎಲ್ಲ ಹೌದು. ಆದ್ರೆ ನೋಡ್ತಾ ಇದೀನಿ ಅನ್ನೋದೇ ಮರೆತುಹೋಗ್ಬೇಕು. ಅಲ್ಲ, ನಿನ್ನಪ್ಪ ತಂದದ್ದು ಸರಿಹೋಗ್ಲಿಲ್ವಾ?"

"ಅಪ್ಪ ತಂದದ್ದು ತುಂಬಾ ಚೆನ್ನಾಗಿದೆ ಸಾರ್," ಎಂದಳು ದುಂಬಿ. ಸುತ್ತಿ ಮುಗಿಸಿದ್ದ ಪಾತ್ರೆಗೇ ಇನ್ನೊಂದು ಪೇಪರು ಸುತ್ತಿದಳು.

*

ಭಾನುವಾರ ಹೊದಿಕೆಗಳನ್ನೆಲ್ಲ ಒಗೆದಿದ್ದರು. ಹಿತ್ತಲಿನಲ್ಲಿ ಅಮ್ಮ ಒಂದು ತುದಿ, ದುಂಬಿ ಒಂದು ತುದಿ ಹಿಡಿದು ಹಿಂಡುತ್ತಿದ್ದರು.

"ನಿಧಾನ. ನಿನ್ನ ಬೆರಳಿಗೆ ಏನಾದ್ರೂ ಆದ್ರೆ ನಿನ್ನಪ್ಪ ಅದಕ್ಕೂ ಸ್ಪಂಜು ಸುತ್ತುತ್ತಾರೆ."

"ಅಮ್ಮಾ, ಅಪ್ಪನ ಮೇಲೆ ಇನ್ನೂ ಸಿಟ್ಟಾ?"

"ಸಿಟ್ಟೇನಿಲ್ಲ. ಮೆಷಿನ್ನಿನ ದುಡ್ಡು ಹೋಯ್ತು ಅಂತ ನಂಗೆ ಸಂಕಟ ಇಲ್ಲ. ನಿನಗೆ ಅದು ಬೇಕಾಗಿದ್ದಿದ್ರೆ ಇನ್ನೂ ಒಂದು ವರ್ಷ ಒಗೀತಿದ್ದೆ." ಅಮ್ಮ ಹೊದಿಕೆಗೆ ಇನ್ನೊಂದು ತಿರುಚು ಕೊಟ್ಟಳು. ನೀರು ಕಾಲಿನ ಮೇಲೆ ಸುರಿಯಿತು. "ನಿನಗೂ ಬೇಡ, ನನಗೂ ಇಲ್ಲ. ಅದಕ್ಕೆ ಉರಿಯೋದು."

ದುಂಬಿಯ ಕೈಯಿಂದ ತುದಿ ಜಾರಿತು.

"ಬೇಡ ಅಂತ ಯಾರು ಹೇಳಿದ್ದು?"

"ನಿನ್ನ ನಾಲಿಗೆ."

"ನಾನು ಏನೂ ಹೇಳೇ ಇಲ್ವಲ್ಲ!"

"ಅದನ್ನೇ ಹೇಳ್ತಿರೋದು. ಚಿಕ್ಕವಳಿದ್ದಾಗ ಅಕ್ಷರ ತಿದ್ದೋವಾಗ ನಿನ್ನ ನಾಲಿಗೆ ಬಾಯಿಯ ಮೂಲೆಯಿಂದ ಹೊರಗೆ ಬರ್ತಿತ್ತು. ಮೇಷ್ಟ್ರ ಗಿಟಾರ್ ನುಡಿಸೋವಾಗಲೂ ಬರ್ತಿತ್ತು, ಬೆಕ್ಕು ಹಾಲು ಕುಡಿದ ಹಾಗೆ. ಈ ಕೆಂಪಿಗೆ ಒಂದು ದಿನವೂ ಬರಲಿಲ್ಲ. ಬಾಯಿ ಮುಚ್ಕೊಂಡು, ಹಲ್ಲು ಕಚ್ಕೊಂಡು ನುಡಿಸ್ತೀಯ. ಹಿಡ್ಕೋ ಸರಿಯಾಗಿ."

ದುಂಬಿ ತುದಿಯನ್ನು ಎತ್ತಿ ಹಿಡಿದಳು. ಕಣ್ಣು ತುಂಬಿ ಬಂದಿತ್ತು. ಎರಡೂ ಕೈ ಹೊದಿಕೆಯಲ್ಲಿದ್ದವು.

"ನೀನೇ ಹೇಳಮ್ಮಾ ಅಪ್ಪಂಗೆ."

"ನಾನು ಹೇಳಿದ್ರೆ ಮೆಷಿನ್ನಿಗೋಸ್ಕರ ಹೇಳಿದ ಹಾಗಾಗುತ್ತೆ. ನೀನೇ ಹೇಳ್ಬೇಕು."

ಅವತ್ತು ರಾತ್ರಿಯ ಊಟಕ್ಕೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಆಲೂಗಡ್ಡೆ. ಹಿತ್ತಲಿನ ಮಾತು ಅಜ್ಜಿಗೆ ಎಷ್ಟು ಕೇಳಿಸಿತ್ತೋ ದೇವರೇ ಬಲ್ಲ. ಮೊಟ್ಟೆ ಸುಲಿಯುತ್ತ ತಾನಾಗಿ ಒಂದು ಕಥೆ ತೆಗೆದಳು.

"ಒಂದಾನೊಂದು ಊರಲ್ಲಿ ಒಬ್ಬ ರಾಜ. ಮಗಳ ಮೇಲೆ ಪ್ರಾಣ. ಅವಳಿಗೆ ಅಂತ ಚಿನ್ನದ ಚಪ್ಪಲಿ ಮಾಡಿಸಿದ. ಹಾಕ್ಕೊಂಡ್ರೆ ಕಚ್ಚುತ್ತೆ. ಅಪ್ಪಾ ಕಚ್ಚುತ್ತೆ ಅಂದ್ಲು. ರಾಜ ಒಂದು ಮುತ್ತು ಕೂರಿಸಿದ. ಮತ್ತೂ ಕಚ್ಚುತ್ತೆ ಅಂದ್ಲು. ಒಂದು ಹವಳ ಕೂರಿಸಿದ. ಅವಳು ಅಂದಷ್ಟೂ ಇವನು ಕೂರಿಸಿದ. ಕೊನೆಗೆ ಪಾಪ ಹುಡುಗಿ ನಡಿಯೋದನ್ನೇ ಬಿಟ್ಟು ಕಿಟಕೀಲಿ ಕೂತ್ಲು."

ಅಮ್ಮ ತಟ್ಟೆ ನೋಡಿದಳು. ಅಪ್ಪ ಆಲೂಗಡ್ಡೆಯನ್ನು ಕೈಯಲ್ಲೇ ಹಿಡಿದು ಗಂಭೀರವಾಗಿ ಯೋಚಿಸಿದ.

"ಒಳಗಡೆ ಸ್ಪಂಜು ಹಾಕ್ಬೇಕಿತ್ತು," ಎಂದ.

ಅಮ್ಮನಿಗೆ ನೀರು ನೆತ್ತಿಗೇರಿತು. ವಾರಗಳ ನಂತರ ಅವಳು ನಕ್ಕದ್ದು ಅಂದೇ. ಅಪ್ಪ ಅವಳ ಬೆನ್ನು ತಟ್ಟುತ್ತ, ಯಾಕೆ ನಗುತ್ತಿದ್ದಾಳೆಂದು ತಿಳಿಯದೆ, ನಕ್ಕಳಲ್ಲ ಎಂಬುದಕ್ಕೇ ಸಂತೋಷಪಟ್ಟ.

*

ಮರುದಿನ ದುಂಬಿ ಅಪ್ಪನ ಅಂಗಡಿಗೆ ಹೋದಳು. ಕೆಂಪು ಗಿಟಾರ್ ಬೆನ್ನಿನ ಮೇಲಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದಳು. ಬಾಗಿಲಿಗೆ ಬರುವಷ್ಟರಲ್ಲಿ ಎಲ್ಲ ಮರೆತುಹೋಯಿತು.

ಒಳಗೆ ಅಪ್ಪ ಯಾರೊಂದಿಗೋ ವಾದ ಮಾಡುತ್ತಿದ್ದ. ಬಂದಿದ್ದಾತ ಹೆಂಡತಿಗೆ ಆರಾಮಕುರ್ಚಿ ಮಾಡಿಸಿಕೊಡಬೇಕೆಂದಿದ್ದ.

"ಅವಳಿಗೆ ಗೊತ್ತಾಗಬಾರದು ರೀ. ಆಶ್ಚರ್ಯ ಆಗ್ಬೇಕು."

"ಆಶ್ಚರ್ಯ ಒಂದು ದಿನ ಸಾರ್. ಕುರ್ಚಿ ಇಪ್ಪತ್ತು ವರ್ಷ. ಕರ್ಕೊಂಡು ಬನ್ನಿ ಅವರನ್ನ," ಎಂದು ಅಪ್ಪ ಆತನನ್ನು ಸಾಗಹಾಕಿ, ತಿರುಗಿ ಮಗಳನ್ನು ಕಂಡ. "ಏನಮ್ಮಾ? ಪಟ್ಟಿ ಕಿತ್ತುಹೋಯ್ತಾ?"

ದುಂಬಿ ಗಿಟಾರನ್ನು ಬರಿಯ ಚೌಕಟ್ಟೊಂದರ ಮೇಲೆ ಮಲಗಿಸಿದಳು.

"ಅಪ್ಪಾ, ನೀನು ಇದನ್ನ ತರೋವಾಗ ನನ್ನನ್ನ ಕೂರಿಸಿ ನೋಡ್ಲಿಲ್ಲ."

ಅಷ್ಟೇ ಹೇಳಿದ್ದು. ಅಪ್ಪ, ಆ ಗಿರಾಕಿ ಈಗಷ್ಟೇ ಇಳಿದುಹೋದ ಮೆಟ್ಟಿಲನ್ನು ನೋಡಿದ. ಗಿಟಾರನ್ನು ನೋಡಿದ, ಅದರ ಮಖಮಲ್ಲಿನ ಬೆನ್ನು, ಕೈಯಾಸರೆ, ಗುಂಡಿ. ಕಿವಿಯ ಹಿಂದೆ ಸಿಕ್ಕಿಸಿದ್ದ ಸೀಮೆಸುಣ್ಣವನ್ನು ತೆಗೆದು, ಸುಮ್ಮನೆ ಬೆರಳುಗಳಲ್ಲಿ ಹೊರಳಿಸಿದ.

"ಪಕ್ಕೆಗೆ ಒತ್ತುತ್ತೆ ಅಂತ ನೀನು ಹೇಳಿದ್ದು..."

"ಇದು ನನ್ನದಲ್ಲ ಅಂತ ಹೇಳೋಕೆ ಬಂದಿದ್ದೆ. ಬಾಯಿಂದ ಅದು ಬಂತು."

"ಅಷ್ಟು ದಿನ ಯಾಕಮ್ಮಾ ಸುಮ್ನಿದ್ದೆ?"

"ನೀನು ಅಷ್ಟು ಖುಷಿಯಾಗಿದ್ದೆಯಲ್ಲ ಅಪ್ಪಾ."

ಅಪ್ಪ ಬೆನ್ನು ತಿರುಗಿಸಿ ಮೊಳೆಯ ಡಬ್ಬಿಯಲ್ಲಿ ಏನನ್ನೋ ಹುಡುಕಿದ. ಆಮೇಲೆ ಹೇಳಿದ: "ನಿನ್ನಮ್ಮಂಗೆ ಫೋನ್ ಮಾಡು. ಅಜ್ಜಿಗೂ ಚಪ್ಪಲಿ ಹಾಕ್ಕೊಳ್ಳೋಕೆ ಹೇಳು. ಚಿನ್ನದ್ದಲ್ಲ." ಬಾಗಿಲಿಗೆ ಬೀಗ ಹಾಕುವಾಗ ಗೊಣಗಿದ: "ನಿನ್ನಜ್ಜಿ ನಿನ್ನೆ ಹೇಳಿದ ಕಥೆ ಈಗ ತಲೆಗೆ ಹತ್ತಿತು ನೋಡು."

*

ಗಿಟಾರ್ ಅಂಗಡಿಯವರು ಕೆಂಪು ಗಿಟಾರನ್ನು ತಿರುಗಿಸಿ ಅದರ ಬೆನ್ನು ನೋಡಿ ಕಣ್ಣು ಮಿಟುಕಿಸಿದರು.

"ವಾಪಸ್ ತಗೋತೀವಿ ಅಂತ ಹೇಳಿದ್ದು ನಿಜ. ಆದ್ರೆ ಹೀಗೆ ಸೋಫಾ ಮಾಡ್ಕೊಂಡು ತಂದ್ರೆ ಹೇಗೆ ಯಜಮಾನರೇ?"

ಅಪ್ಪ ಸ್ಪಂಜು ಎಬ್ಬಿಸಿ ಕಿತ್ತ. ಅಂಟಿನ ಕಲೆ ಉಳಿಯಿತು. ಅಪ್ಪನ ಕಣ್ಣು ಮಾತ್ರ ಆಗಲೇ ಬೇರೆಲ್ಲೋ ಇತ್ತು: ಗಿರಾಕಿಗಳು ಕೂತು ನುಡಿಸುವ ಬೆಂಚು ಹರಿದು, ಒಳಗಿನ ನಾರು ಹೊರಗೆ ಇಣುಕುತ್ತಿತ್ತು.

"ಇದರ ಮೇಲೆ ಕೂತು ಯಾರಿಗಾದ್ರೂ ವಾದ್ಯ ಇಷ್ಟ ಆಗುತ್ತೇನ್ರೀ? ಆ ಕಲೆ ನೀವು ಮರೀರಿ, ಈ ಬೆಂಚು ನಾನು ಹೊಸದು ಮಾಡಿಕೊಡ್ತೀನಿ."

ಮಾತು ಕುದುರಿತು. ಅಜ್ಜಿ ಆ ಹರಿದ ಬೆಂಚಿನ ಮೇಲೇ ಸ್ಪೀಕರ್ ಪೆಟ್ಟಿಗೆಗೆ ಅಂಗೈ ಊರಿ ಕೂತಳು. ಅಮ್ಮ ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಹೇಳುತ್ತ ತನ್ನ ನಾಲಿಗೆಯ ತುದಿಯನ್ನು ತೋರಿಸಿದಳು. ಅಪ್ಪ ತಲೆಯಾಡಿಸಿದ.

ದುಂಬಿ ಒಂದೊಂದಾಗಿ ಎತ್ತಿಕೊಂಡಳು. ಕಪ್ಪನೆಯದೊಂದು, ದನಿ ಚೆನ್ನ, ಆದರೆ ಭಾರಕ್ಕೆ ಭುಜ ಬಾಗಿತು. ನೀಲಿಯದೊಂದರ ಕತ್ತು ಹಗುರವಿಲ್ಲ. ಕೈಬಿಟ್ಟರೆ ನೆಲ ನೋಡುತ್ತದೆ. ಮೇಷ್ಟ್ರದ್ದರ ಹಾಗೆಯೇ ಕಾಣುವ ಒಂದು ಕೂಡ ಇತ್ತು. ಅವಳು ಆಸೆಯಿಂದ ಅದನ್ನು ಎತ್ತಿಕೊಂಡಳು, ಸಪ್ಪೆ ಮುಖ ಮಾಡಿ ಇಟ್ಟಳು. ಅಪ್ಪ ಪ್ರತಿಯೊಂದಕ್ಕೂ ಅವಳ ಎದುರು ಮಂಡಿಯೂರಿ, ತಲೆ ಓರೆ ಮಾಡಿ, ಗಿರಾಕಿಗಳ ಬೆನ್ನು ನೋಡುವಂತೆ ಅವಳ ಬಾಯಿಯನ್ನೇ ನೋಡುತ್ತಿದ್ದ.

"ಅಪ್ಪಾ, ಹಾಗೆ ನೋಡಬೇಡ. ನಗು ಬರುತ್ತೆ."

"ಫೋಟೋಕ್ಕೆ ನಿಂತ ಹಾಗೆ ನಿಲ್ಲಬೇಡ. ಮನೇಲಿ ನುಡಿಸೋ ಹಾಗೆ ನುಡಿಸು."

ಮೂಲೆಯಲ್ಲಿ ಯಾರೋ ಮಾರಿ ಹೋಗಿದ್ದ ಹಳೆಯದೊಂದು ಒರಗಿಕೊಂಡಿತ್ತು. ಒಣಗಿದ ಎಲೆಯ ಬಣ್ಣ. ಮೇಲಿನ ಅಂಚಿನ ಬಣ್ಣ ಯಾರದ್ದೋ ಮುಂಗೈ ಉಜ್ಜಿ ಉಜ್ಜಿ ಸವೆದು, ಮರ ಕಾಣುತ್ತಿತ್ತು. ದುಂಬಿ ಅಪ್ಪನ ಮೆತ್ತೆಯ ಪಟ್ಟಿಯನ್ನೇ ಅದಕ್ಕೆ ಸಿಕ್ಕಿಸಿ ನೇತುಹಾಕಿಕೊಂಡಳು. ಅವಳ ಮುಂಗೈ ಹೋಗಿ ಆ ಸವೆದ ಜಾಗದಲ್ಲೇ ಕೂತಿತು. ಬೆರಳು ಕೆಳಗಿನ ತಂತಿಯನ್ನು ಮೀಟಿತು. ಆ ದನಿಯಲ್ಲಿ ಸ್ವಲ್ಪ ಗೊಗ್ಗರು ಇತ್ತು, ನಿದ್ದೆಯಿಂದೆದ್ದು ಮಾತಾಡುವ ಅಪ್ಪನ ಗಂಟಲಿನಂತೆ. ಇನ್ನೊಮ್ಮೆ ಮೀಟಿದಳು. ಆಮೇಲೆ ಗ್ಯಾರೇಜಿನಲ್ಲಿ ತಪ್ಪುತ್ತಿದ್ದ ಆ ಹಾಡಿನ ತಿರುವು ನೆನಪಾಯಿತು. ಅದನ್ನು ಹಿಡಿದಳು, ಅದು ಮುಂದಿನದಕ್ಕೆ ಕರೆದೊಯ್ದಿತು, ಅದು ಅದರ ಮುಂದಿನದಕ್ಕೆ.

"ಬಂತು," ಎಂದ ಅಪ್ಪ ಪಿಸುದನಿಯಲ್ಲಿ.

"ಬಂತು," ಎಂದಳು ಅಮ್ಮ.

"ಶುರು ಮಾಡಿದ್ಲು ನೋಡು!" ಎಂದು ಅಜ್ಜಿ ಇಡೀ ಅಂಗಡಿಗೆ ಕೇಳುವಂತೆ ಕೂಗಿದಳು, ಪೆಟ್ಟಿಗೆಯಿಂದ ಅಂಗೈ ತೆಗೆಯದೆ.

ದುಂಬಿಗೆ ಅದ್ಯಾವುದೂ ಕೇಳಿಸಲಿಲ್ಲ. ಅಪ್ಪ ಹತ್ತಿರ ಬಂದು, ಬಗ್ಗಿ, ಗಿಟಾರಿನ ಹಿಂಬದಿಯಲ್ಲಿ, ಅದು ಅವಳ ಪಕ್ಕೆಗೆ ತಾಗುವ ಕಡೆ, ಸೀಮೆಸುಣ್ಣದಿಂದ ಒಂದು ಗೆರೆ ಎಳೆದದ್ದೂ ತಿಳಿಯಲಿಲ್ಲ.

"ಏನ್ರೀ ಅದು?" ಎಂದು ಅಂಗಡಿಯವರು ಗಾಬರಿಯಾದರು.

"ಅಳತೆ," ಎಂದ ಅಪ್ಪ.

ಹಳೆಯದಾದ್ದರಿಂದ ಬೆಲೆ ಕಡಿಮೆ. ಉಳಿದದ್ದನ್ನು ಅಂಗಡಿಯವರು ಅಪ್ಪನತ್ತ ಚಾಚಿದರು. ಅಪ್ಪ ಅಮ್ಮನತ್ತ ಬೆರಳು ತೋರಿಸಿದ. ಅಮ್ಮ ಎಣಿಸದೆಯೇ ಸೆರಗಿಗೆ ಗಂಟು ಹಾಕಿಕೊಂಡಳು.

"ಮೆಷಿನ್ನಿನ ಒಂದು ಕಾಲು ಬಂತು. ಇನ್ನು ಮೂರು ಕಾಲು, ಒಂದು ಹೊಟ್ಟೆ," ಎಂದಳು.

*

ಸಭಾಭವನದ ಕಾರ್ಯಕ್ರಮದಲ್ಲಿ ಜನ ಹಾಡುಗಾರನನ್ನು ನೋಡಿದರು, ಡ್ರಮ್ಮಿಗೆ ತಲೆ ಕುಣಿಸಿದರು. ಮರುದಿನ ಮಗಳ ಊರಿಗೆ ಹೊರಡಲಿದ್ದ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಮುಗಿದ ಮೇಲೆ ಡ್ರಮ್ಮಣ್ಣ, "ಎಲ್ಲಾ ಸ್ಟಾಪಿನಲ್ಲೂ ಸರಿಯಾಗಿ ಇಳಿದೆಯಮ್ಮಾ," ಎಂದ. ಅವಳಿಗೆ ಅಷ್ಟು ಸಾಕಿತ್ತು.

ಮಾರನೆಯ ಮಧ್ಯಾಹ್ನ ಹಿತ್ತಲಿನಲ್ಲಿ ಅಮ್ಮ ದುಂಬಿಯ ಕಪ್ಪು ಅಂಗಿಯನ್ನು ಬಿಸಿಲಿಗೆ ಹಿಡಿದಳು. ಪಕ್ಕೆಯ ಮೇಲೆ ಬೆಳ್ಳನೆಯ ಗೆರೆ.

"ಇದೇನೇ?"

"ಅಪ್ಪನ ಸೀಮೆಸುಣ್ಣ. ಗಿಟಾರಿನ ಬೆನ್ನಿಂದ ಹತ್ತಿದ್ದು. ಒರೆಸಿದ್ರೂ ಹೋಗ್ತಿಲ್ಲ."

"ರೀ! ಬನ್ನಿ ಇಲ್ಲಿ!"

ಅಪ್ಪ ಬಂದ. ಅಂಗಿ ನೋಡಿದ, ಮಗಳ ಮುಖ ನೋಡಿದ. ಜೇಬಿನಿಂದ ಸ್ಪಂಜಿನ ಒಂದು ತುಂಡಿನ ಮೂಲೆ ಇಣುಕುತ್ತಿತ್ತು.

"ನಿಜ ಹೇಳು. ಇದೂ ಪಕ್ಕೆಗೆ ಒತ್ತುತ್ತಾ?"

ದುಂಬಿ ಈ ಸಲ ಚೂರು ಮಾಡದೆ ಪೂರ್ತಿ ಹೇಳಿದಳು.

"ಒತ್ತುತ್ತೆ ಅಪ್ಪಾ. ಅದಕ್ಕಿಂತ ಜಾಸ್ತೀನೇ ಒತ್ತುತ್ತೆ. ಒತ್ತಲಿ ಬಿಡು."

ಅಪ್ಪ ಸ್ಪಂಜನ್ನು ಹೊರಗೆ ತೆಗೆದು, ಈಗ ಇದನ್ನೇನು ಮಾಡುವುದು ಎಂಬಂತೆ ಸುತ್ತ ನೋಡಿದ. ಅವನ ಕಣ್ಣು ಬಚ್ಚಲುಕಟ್ಟೆಯ ಗಿಡ್ಡ ಮಣೆಯ ಮೇಲೆ, ಅದರ ಮೇಲೆ ಕೂತಿದ್ದ ಅಮ್ಮನ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು.

"ಅಲುಗಾಡಬೇಡ," ಎಂದ ಕಿವಿಯ ಹಿಂದಿನ ಸೀಮೆಸುಣ್ಣಕ್ಕೆ ಕೈ ಹಾಕುತ್ತ. "ದಿನಾ ಕೂತ ಹಾಗೇ ಕೂತ್ಕೋ."

"ಇಷ್ಟು ವರ್ಷ ಆದ್ಮೇಲೆ ನೆನಪಾಯ್ತು," ಎಂದು ಅಮ್ಮ ಮೂಗು ಮುರಿದಳು. ಆದರೂ ಅಪ್ಪ ಮಂಡಿಯೂರಿ ಗೆರೆ ಎಳೆದು ಮುಗಿಸುವ ತನಕ, ಒದ್ದೆ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗಾಡದೆ ಕೂತಿದ್ದಳು. ಗೆರೆ ಎಳೆಯುತ್ತಿದ್ದ ಅಪ್ಪನ ನಾಲಿಗೆ ಬಾಯಿಯ ಮೂಲೆಯಿಂದ ಒಂದಿಷ್ಟೇ ಹೊರಗೆ ಬಂದಿತ್ತು.